ಟರ್ಕಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ: ಊರು ಕಡಿಮೆ ಮಾಡಿ, ಕೂರುವ ಹೊತ್ತು ಜಾಸ್ತಿ ಮಾಡಿ

ಟರ್ಕಿ ನೋಡಿ ಬಂದವರನ್ನು ಮಾತಾಡಿಸಿ ನೋಡಿ. ಮೊದಲು ಇಸ್ತಾಂಬುಲಿನ ಹಗಿಯಾ ಸೋಫಿಯಾ, ಕಪಡೋಕಿಯಾದ ಬಿಸಿಗಾಳಿಯ ಬಲೂನು ಅಂತ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಚಹಾ ಕೊಟ್ಟು ಕೂರಿಸಿದ ಅಂಗಡಿಯವನ ಕಡೆಗೆ, ಬಸ್ಸಿನಲ್ಲಿ ಹಣ್ಣು ಹಂಚಿಕೊಂಡ ಅಜ್ಜಿಯ ಕಡೆಗೆ ಹೊರಳುತ್ತದೆ. ನನ್ನ ಮಟ್ಟಿಗೆ ಆ ದೇಶದ ಸೆಳೆತ ಇರುವುದು ಅಲ್ಲೇ. ಅಲ್ಲಿ ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಇಟ್ಟಿಲ್ಲ, ದಿನವೂ ಬಳಸುತ್ತಾರೆ. 1550ರ ದಶಕದ ಮಸೀದಿಯಲ್ಲಿ ಇವತ್ತಿಗೂ ದಿನಕ್ಕೆ ಐದು ಸಲ ಜನ ಸೇರುತ್ತಾರೆ. 1584ರ ಸ್ನಾನದ ಮನೆಯಲ್ಲಿ ಇವತ್ತೂ ಬೆನ್ನು ತಿಕ್ಕುತ್ತಾರೆ. 15ನೇ ಶತಮಾನದ ಬಜಾರಿನಲ್ಲಿ ಇವತ್ತೂ ಚೌಕಾಸಿ ನಡೆಯುತ್ತದೆ.

ಇಂಥ ದೇಶವನ್ನು ಓಡಿಕೊಂಡು ನೋಡಿದರೆ ಏನೂ ಸಿಗುವುದಿಲ್ಲ. ವಾರದಲ್ಲಿ ಏಳು ಊರು ತೋರಿಸುವ ಪ್ಯಾಕೇಜುಗಳಲ್ಲಿ ಅರ್ಧ ಟರ್ಕಿ ಬಸ್ಸಿನ ಕಿಟಕಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯನ್ನು ಸ್ವಂತವಾಗಿ, ನಿಧಾನವಾಗಿ ಹೋಗುವವರಿಗಾಗಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಊರುಗಳನ್ನು ಕಡಿಮೆ ಮಾಡಿ

ಟರ್ಕಿ ದೊಡ್ಡ ದೇಶ. ಇಸ್ತಾಂಬುಲ್‌ನಿಂದ ಕಲ್ಲಿನ ಅಣಬೆಗಳ ನಾಡು ಕಪಡೋಕಿಯಾಕ್ಕೆ ರಸ್ತೆಯಲ್ಲಿ 700 ಕಿಲೋಮೀಟರಿಗೂ ಜಾಸ್ತಿ. ಹತ್ತು ದಿನ ಇದ್ದರೆ ನಾನು ಹೇಳುವ ಲೆಕ್ಕ ಇದು: ಇಸ್ತಾಂಬುಲ್‌ಗೆ ನಾಲ್ಕು ದಿನ, ಕಪಡೋಕಿಯಾಕ್ಕೆ ಮೂರು, ಕೋನ್ಯಾಕ್ಕೆ ಒಂದು, ಉಳಿದದ್ದು ಪ್ರಾಚೀನ ಪಾಳು ನಗರ ಎಫೆಸಸ್ ಪಕ್ಕದ ಸೆಲ್ಚುಕ್ ಊರಿಗೆ. ವಾರ ಮಾತ್ರ ಇದ್ದರೆ ಇಸ್ತಾಂಬುಲ್ ಮತ್ತು ಕಪಡೋಕಿಯಾ ಸಾಕು. ಪಾಮುಕ್ಕಲೆಯ ಬಿಳಿ ಮೆಟ್ಟಿಲು, ಅಂತಾಲ್ಯಾದ ಸಮುದ್ರ ಎಲ್ಲವನ್ನೂ ತುರುಕಬೇಡಿ.

ಪ್ರಾಚೀನ ಇತಿಹಾಸದ ಹುಚ್ಚಿದ್ದವರಿಗೆ ಎರಡು ಜಾಗ ಹೇಳಲೇಬೇಕು. ಒಂದು, ಶಾನ್ಲೀಉರ್ಫಾ ಹತ್ತಿರದ ಗೋಬೆಕ್ಲಿ ತೆಪೆ. ಕ್ರಿಸ್ತಪೂರ್ವ ಸುಮಾರು 9500ರ ಹೊತ್ತಿಗೆ, ಮಡಕೆ ಮಾಡುವುದೂ ಗೊತ್ತಿಲ್ಲದ ಕಾಲದಲ್ಲಿ, ಕಲ್ಲಿನ ಕಂಬ ಕೆತ್ತಿ ನಿಲ್ಲಿಸಿದ ಜಾಗ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇನ್ನೊಂದು, ಅಂಕಾರಾದಿಂದ ಪೂರ್ವಕ್ಕಿರುವ ಹತ್ತುಶಾ, ಮೂರು ಸಾವಿರ ವರ್ಷಕ್ಕೂ ಹಿಂದೆ ಈ ನಾಡನ್ನು ಆಳಿದ ಹಿಟ್ಟೈಟ್ ರಾಜರ ರಾಜಧಾನಿ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಮೇಲೆ ಹಿಟ್ಟೈಟರು ಮತ್ತು ನೆರೆ ರಾಜ್ಯ ಮಿತನ್ನಿಯ ರಾಜರ ನಡುವಿನ ಒಪ್ಪಂದವಿದೆ. ಕ್ರಿಸ್ತಪೂರ್ವ 14ನೇ ಶತಮಾನದ್ದು. ಅದಕ್ಕೆ ಸಾಕ್ಷಿಯಾಗಿ ಕರೆದ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ! ಆ ಬೋಳು ಗುಡ್ಡದ ಮೇಲೆ ನಿಂತು ಇದನ್ನು ನೆನೆದರೆ ನಮ್ಮವರಿಗೆ ಮೈ ಜುಮ್ಮೆನ್ನದೆ ಇರುವುದಿಲ್ಲ.

ಹೆಜ್ಜೆ 2: ತಿಂಗಳು ನೋಡಿಕೊಳ್ಳಿ

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ಏಪ್ರಿಲಿನಲ್ಲಿ ಇಸ್ತಾಂಬುಲ್‌ನ ಎಮಿರ್ಗಾನ್ ತೋಟದಲ್ಲಿ ಟ್ಯೂಲಿಪ್ ಅರಳಿರುತ್ತದೆ. ಜುಲೈ–ಆಗಸ್ಟಿನಲ್ಲಿ ಬಿಸಿಲೂ ಜಾಸ್ತಿ, ಜನರೂ ಜಾಸ್ತಿ.

ಕ್ಯಾಲೆಂಡರಿನಲ್ಲಿ ಇನ್ನೂ ಎರಡು ವಿಷಯ ನೋಡಿ. ರಂಜಾನ್ ಹಬ್ಬ ಮತ್ತು ಬಕ್ರೀದಿನ ರಜೆಗಳಲ್ಲಿ ಇಡೀ ದೇಶವೇ ಊರಿಗೆ ಹೊರಡುತ್ತದೆ. ಬಸ್ಸು, ರೈಲು, ವಿಮಾನ ಯಾವುದರಲ್ಲೂ ಸೀಟು ಸಿಗುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ. ಆದರೆ ಉಪವಾಸದ ತಿಂಗಳು ಹೋಗಬಾರದ ತಿಂಗಳಲ್ಲ. ಸಂಜೆ ಇಸ್ತಾಂಬುಲಿನ ಸುಲ್ತಾನ್ ಅಹ್ಮದ್ ಮೈದಾನದಲ್ಲಿ ಮನೆಮಂದಿಯೆಲ್ಲ ಬುತ್ತಿ ಬಿಚ್ಚಿಕೊಂಡು ಸೂರ್ಯ ಮುಳುಗುವುದನ್ನೇ ಕಾಯುತ್ತಿರುತ್ತಾರೆ. ಪಕ್ಕದಲ್ಲಿ ಕೂತ ಅಪರಿಚಿತರಿಗೂ ಖರ್ಜೂರ ಬಂದೇ ಬರುತ್ತದೆ.

ನವೆಂಬರ್ 10ರಂದು ಅಲ್ಲಿದ್ದರೆ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ ರಸ್ತೆಯಲ್ಲಿರಿ. ಗಣರಾಜ್ಯ ಕಟ್ಟಿದ ಅತಾತುರ್ಕ್ 1938ರಲ್ಲಿ ತೀರಿಕೊಂಡ ಗಳಿಗೆ ಅದು. ಸೈರನ್ ಮೊಳಗುತ್ತದೆ, ಕಾರುಗಳು ಸೇತುವೆಯ ಮೇಲೇ ನಿಲ್ಲುತ್ತವೆ, ಜನ ಇಳಿದು ಸುಮ್ಮನೆ ನಿಲ್ಲುತ್ತಾರೆ. ನೀವೂ ನಿಲ್ಲಿ.

ಹೆಜ್ಜೆ 3: ವೀಸಾ, ವಿಮಾನ, ದುಡ್ಡು

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದವರಿಗೆ ಇ-ವೀಸಾ ದಾರಿ ಇದೆ. ಜರ್ಮನಿ, ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಉಳಿದವರು ಮಾಮೂಲಿ ಅರ್ಜಿ ಹಾಕಿ ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಪಡೆಯಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮೊದಲು ಟರ್ಕಿ ಸರ್ಕಾರದ ಅಧಿಕೃತ ತಾಣದಲ್ಲೇ ನೋಡಿ. ಅದೇ ಥರ ಕಾಣುವ, ಜಾಸ್ತಿ ದುಡ್ಡು ಕೀಳುವ ಏಜೆಂಟ್ ತಾಣಗಳು ಬಹಳ ಇವೆ.

2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ಟರ್ಕಿ ಸರ್ಕಾರ ಪಾಕಿಸ್ತಾನದ ಪರ ನಿಂತಿತು. ಆಗ ನಮ್ಮ ಹಲವು ಟ್ರಾವೆಲ್ ಕಂಪನಿಗಳು ಅಲ್ಲಿಗೆ ಬುಕಿಂಗ್ ನಿಲ್ಲಿಸಿದವು. ಹೋಗಬೇಕೋ ಬೇಡವೋ ಎನ್ನುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಹೋಗುವವರು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿಕೊಂಡು ಹೊರಡಿ. ಬೆಂಗಳೂರಿನವರು ಸಾಮಾನ್ಯವಾಗಿ ಮುಂಬೈ, ದೆಹಲಿ ಅಥವಾ ಗಲ್ಫ್ ಮೂಲಕ ಹೋಗುತ್ತಾರೆ. ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ.

ಅಲ್ಲಿನ ನಾಣ್ಯ ಲೀರಾ. ಬೆಲೆ ಏರುತ್ತಲೇ ಇರುವುದರಿಂದ ಎರಡು ವರ್ಷ ಹಿಂದಿನ ಯಾರ ಲೆಕ್ಕವನ್ನೂ ನಂಬಬೇಡಿ. ಪೇಟೆಯಲ್ಲಿ ಕಾರ್ಡ್ ನಡೆಯುತ್ತದೆ. ಸಂತೆಗೆ, ಹಳ್ಳಿಗೆ, ಮಿನಿಬಸ್ಸಿಗೆ ಚಿಲ್ಲರೆ ಬೇಕು. ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಲೀರಾದಲ್ಲಾ" ಅಂತ ಕೇಳಿದರೆ ಲೀರಾ ಅನ್ನಿ, ಇಲ್ಲದಿದ್ದರೆ ವಿನಿಮಯದಲ್ಲಿ ಕೈ ಕಚ್ಚುತ್ತದೆ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಎರಡು ದುಂಡು ಕಡ್ಡಿಯ ಅಡಾಪ್ಟರ್ ಇಟ್ಟುಕೊಳ್ಳಿ.

ಹೆಜ್ಜೆ 4: ಇಸ್ತಾಂಬುಲನ್ನು ನೀರಿನಿಂದ ಶುರು ಮಾಡಿ

ಎಲ್ಲರೂ ಮೊದಲ ಬೆಳಿಗ್ಗೆಯೇ ಹಗಿಯಾ ಸೋಫಿಯಾ ಸಾಲಿನಲ್ಲಿ ನಿಲ್ಲುತ್ತಾರೆ. ನೀವು ಹಾಗೆ ಮಾಡಬೇಡಿ. ಇಸ್ತಾಂಬುಲ್‌ಕಾರ್ಟ್ ಅನ್ನುವ ಕಾರ್ಡ್ ತೆಗೆದುಕೊಂಡು ದುಡ್ಡು ತುಂಬಿಸಿ. ಮೆಟ್ರೋ, ಟ್ರಾಮ್, ಬಸ್ಸು, ಫೆರ್ರಿ ಎಲ್ಲಕ್ಕೂ ಅದೇ. ಎಮಿನೋನು ದಕ್ಕೆಗೆ ಹೋಗಿ ಕದೀಕೋಯ್‌ಗೆ ಹೋಗುವ ಮಾಮೂಲಿ ಫೆರ್ರಿ ಹತ್ತಿ. ಪ್ರವಾಸಿ ದೋಣಿ ಬೇಡ, ಊರಿನವರು ಕೆಲಸಕ್ಕೆ ಹೋಗುವ ಫೆರ್ರಿಯೇ ಬೇಕು. ಇಪ್ಪತ್ತು ನಿಮಿಷಕ್ಕೆ ಯುರೋಪಿನಿಂದ ಏಷ್ಯಾಕ್ಕೆ ಬಂದಿರುತ್ತೀರಿ. ದಡದಲ್ಲಿ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು ಸಿಮಿತ್ ಕೊಳ್ಳಿ, ಒಳಗೆ ಚಹಾ ಸಿಗುತ್ತದೆ. ಹೊರಗಿನ ಬೆಂಚಿನ ಮೇಲೆ ಕೂತರೆ ಕಡಲಕ್ಕಿಗಳು ಹಿಂದೆಯೇ ಹಾರಿ ಬರುತ್ತವೆ. ಹಿಂತಿರುಗುವಾಗ ಸಂಜೆಯ ಹೊತ್ತು ಆರಿಸಿಕೊಳ್ಳಿ. ಬೆಳಕು ಗುಮ್ಮಟಗಳ ಹಿಂದೆ ಬೀಳುತ್ತದೆ, ಊರಿನ ಆಕಾರ ಒಂದೇ ನೋಟಕ್ಕೆ ತಲೆಯಲ್ಲಿ ಕೂರುತ್ತದೆ. ಯಾವ ಗುಡ್ಡದ ಮೇಲೆ ಯಾವ ಮಸೀದಿ, ಗಲಾಟಾ ಗೋಪುರ ಎಲ್ಲಿ ಅಂತ ಆಮೇಲೆ ನಕ್ಷೆ ಇಲ್ಲದೆಯೂ ಗೊತ್ತಾಗುತ್ತದೆ.

ಎರಡನೇ ದಿನ ಹಳೇ ಊರು. ಹಗಿಯಾ ಸೋಫಿಯಾ 532ರಿಂದ 537ರ ನಡುವೆ, ಐದೇ ವರ್ಷದಲ್ಲಿ ಎದ್ದ ಚರ್ಚು. 1453ರಲ್ಲಿ ಸುಲ್ತಾನ ಎರಡನೇ ಮೆಹಮದ್ ಊರು ಗೆದ್ದಾಗ ಮಸೀದಿಯಾಯಿತು. 1930ರ ದಶಕದಲ್ಲಿ ಮ್ಯೂಸಿಯಂ ಆಯಿತು. 2020ರಿಂದ ಮತ್ತೆ ಮಸೀದಿ. 2024ರಿಂದ ಪ್ರವಾಸಿಗರಿಗೆ ಟಿಕೆಟ್ ಇದೆ, ಅವರನ್ನು ಮೇಲಿನ ಗ್ಯಾಲರಿಗೆ ಬಿಡುತ್ತಾರೆ. ಕೆಳಗಿನ ಅಂಗಳ ನಮಾಜಿನವರಿಗೆ. ಟಿಕೆಟ್ ದುಬಾರಿಯೇ. ಆದರೆ ಆ ಗ್ಯಾಲರಿಯಲ್ಲೇ ದೇಯಿಸಿಸ್ ಅನ್ನುವ ಚಿನ್ನದ ಮೊಸಾಯಿಕ್ ಇದೆ. ಕೆಳಭಾಗ ಉದುರಿಹೋಗಿದೆ, ಉಳಿದ ಯೇಸು, ಮೇರಿ, ಯೋಹಾನರ ಮೂರು ಮುಖಗಳನ್ನು ಎಷ್ಟು ಹೊತ್ತು ನೋಡಿದರೂ ಸಾಲದು.

ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ, ದೋಲ್ಮಾಬಾಹ್ಚೆ ಅರಮನೆಗೆ ಸೋಮವಾರ, ದೊಡ್ಡ ಬಜಾರಿಗೆ ಭಾನುವಾರ. ಇದನ್ನು ಮರೆತು ಬೀಗ ನೋಡಿ ವಾಪಸು ಬರುವವರು ಬಹಳ ಜನ. ಗಣರಾಜ್ಯಕ್ಕೂ ಮೊದಲು ಟರ್ಕಿ ಆಳಿದ ಆಟೊಮನ್ ಸುಲ್ತಾನರ ದರ್ಬಾರಿಗೂ ನಮಗೂ ಒಂದು ನಂಟಿದೆ. ಟಿಪ್ಪು ಸುಲ್ತಾನ್ 1786ರಲ್ಲಿ ಕಳಿಸಿದ ರಾಯಭಾರಿಗಳು ಉತ್ತರ ಕನ್ನಡದ ತದಡಿ ಬಂದರಿನಲ್ಲಿ ಹಡಗು ಹತ್ತಿ ಬಂದದ್ದು ಈ ಊರಿಗೇ. ಬ್ರಿಟಿಷರ ವಿರುದ್ಧ ನೆರವು ಕೇಳಿದರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನೂ ಆ ಕಡೆಯಿಂದ ಬಂದ ಮುಹಮ್ಮದ್ ಬಿನ್ ಹಸನ್ ರೂಮಿ.

ಹೆಜ್ಜೆ 5: ಮಸೀದಿಗೆ ಹೋಗುವ ರೀತಿ

ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ. ಹೆಂಗಸರು ಒಂದು ದುಪಟ್ಟಾ ಚೀಲದಲ್ಲಿ ಇಟ್ಟುಕೊಂಡರೆ ಸಾಕು. ಚಪ್ಪಲಿ ಹೊರಗೆ ಬಿಡಬೇಕು, ಕೆಲವು ಕಡೆ ಕೈಯಲ್ಲಿ ಹಿಡಿದುಕೊಂಡು ಹೋಗಲು ಚೀಲ ಕೊಡುತ್ತಾರೆ. ಆಜಾನ್ ಆದ ಮೇಲೆ ನಮಾಜು ಮುಗಿಯುವವರೆಗೆ ಪ್ರವಾಸಿಗರು ಹೊರಗಿರಬೇಕು. ಶುಕ್ರವಾರ ಮಧ್ಯಾಹ್ನ ಹೋಗಲೇಬೇಡಿ. ನಮಾಜು ಮಾಡುವವರ ಎದುರು ಹಾದು ಹೋಗಬಾರದು, ಅವರ ಫೋಟೋ ತೆಗೆಯಬಾರದು.

ಆರು ಮಿನಾರುಗಳ ನೀಲಿ ಮಸೀದಿಯನ್ನು ಎಲ್ಲರೂ ನೋಡುತ್ತಾರೆ. ನೀವು ಇನ್ನೆರಡು ನೋಡಿ. ಎಮಿನೋನು ಸಂತೆಯ ಗದ್ದಲದಲ್ಲಿ, ಅಂಗಡಿಗಳ ನಡುವೆ ಕಿರಿದಾದ ಮೆಟ್ಟಿಲಿದೆ. ಹತ್ತಿದರೆ ರುಸ್ತೆಮ್ ಪಾಶಾ ಮಸೀದಿ. ಗೋಡೆ, ಕಂಬ, ಮೂಲೆ ಎಲ್ಲ ಕಡೆ 16ನೇ ಶತಮಾನದ ಇಜ್ನಿಕ್ ಟೈಲು. ಬಿಳಿ ನೆಲದ ಮೇಲೆ ನೀಲಿ ಹೂವು, ನಡುನಡುವೆ ಟೊಮೆಟೊ ಹಣ್ಣಿನ ಕೆಂಪು. ಹತ್ತಿರ ಹೋಗಿ ನೋಡಿ. ಆ ಕೆಂಪು ಮಾತ್ರ ಟೈಲಿನ ಮೇಲೆ ಸ್ವಲ್ಪ ಉಬ್ಬಿಕೊಂಡಿರುತ್ತದೆ, ಅದರ ಬಣ್ಣದ ಮಣ್ಣು ಅಷ್ಟು ಗಟ್ಟಿ. ಮುಂದಿನ ಶತಮಾನದ ಕುಶಲಕರ್ಮಿಗಳ ಕೈಗೆ ಆ ಕೆಂಪು ಮತ್ತೆ ಅಷ್ಟು ಚೆನ್ನಾಗಿ ದಕ್ಕಲಿಲ್ಲ.

ಇನ್ನೊಂದು, ಗುಡ್ಡದ ಮೇಲಿನ ಸುಲೇಮಾನಿಯೆ. ಎರಡನ್ನೂ ಕಟ್ಟಿದ್ದು ಮಿಮಾರ್ ಸಿನಾನ್ ಅನ್ನುವ ಮಹಾ ವಾಸ್ತುಶಿಲ್ಪಿ. ಹಿಂದಿನ ಅಂಗಳದಲ್ಲಿ ಸುಲ್ತಾನ್ ಸುಲೇಮಾನ್ ಮತ್ತು ಹೆಂಡತಿ ಹುರ್ರೆಮ್ ಅವರ ಸಮಾಧಿಗಳಿವೆ. ಸಿನಾನ್‌ನ ಸಮಾಧಿ ಆವರಣದ ಹೊರಗೆ, ರಸ್ತೆ ಕೂಡುವ ಮೂಲೆಯಲ್ಲಿ, ಪುಟ್ಟದಾಗಿ ಇದೆ. ಹುಡುಕಿಕೊಂಡು ಹೋಗಿ ನೋಡಿ.

ಹೆಜ್ಜೆ 6: ಚಹಾಕ್ಕೆ ಕರೆದರೆ ಕೂತುಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ತಲೆಗೆ ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಚಹಾ ಕುಡಿಯುವವರು ಟರ್ಕಿಯವರು. ಆದರೂ ಚಹಾ ಅಲ್ಲಿ ತೀರಾ ಹಳೆಯದಲ್ಲ. ಕಾಫಿ ಬರುತ್ತಿದ್ದ ಯೆಮೆನ್ ಮೊದಲ ಮಹಾಯುದ್ಧದಲ್ಲಿ ಆಟೊಮನ್ನರ ಕೈ ತಪ್ಪಿತು. ಕಾಫಿ ದುಬಾರಿಯಾಯಿತು. ಹೊಸ ಗಣರಾಜ್ಯ ಕಪ್ಪು ಸಮುದ್ರದ ದಡದ ರಿಜೆಯಲ್ಲಿ ಚಹಾ ತೋಟ ಬೆಳೆಸಿತು. ಈಗ ಹಾಲಿಲ್ಲದ, ಕೆಂಪಗಿನ ಆ ಚಹಾ ಇಲ್ಲದೆ ಮಾತು ಶುರುವಾಗುವುದಿಲ್ಲ, ವ್ಯಾಪಾರ ಮುಗಿಯುವುದಿಲ್ಲ.

ಮಾಡುವ ರೀತಿ ನೋಡಿ. ಒಂದರ ಮೇಲೊಂದು ಎರಡು ಕೆಟಲ್. ಕೆಳಗಿನದರಲ್ಲಿ ನೀರು ಕುದಿಯುತ್ತದೆ, ಮೇಲಿನದರಲ್ಲಿ ಸೊಪ್ಪು ಆ ಹಬೆಯಲ್ಲೇ ಕಾಲು ಗಂಟೆ ಇಳಿಯುತ್ತದೆ. ಸೊಂಟ ಸಣ್ಣಗಿರುವ ಗಾಜಿನ ಲೋಟಕ್ಕೆ ಮೇಲಿನ ಡಿಕಾಕ್ಷನ್ ಸ್ವಲ್ಪ, ಕೆಳಗಿನ ಬಿಸಿನೀರು ಜಾಸ್ತಿ. ಲೋಟಕ್ಕೆ ಹಿಡಿ ಇರುವುದಿಲ್ಲ, ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕುಡಿಯಬೇಕು. ಲೋಟ ಖಾಲಿಯಾದರೆ ಕೇಳದೆಯೇ ಮತ್ತೊಂದು ಬರುತ್ತದೆ. ಸಾಕು ಅನ್ನಿಸಿದಾಗ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಿ, ಅವರಿಗೆ ಅರ್ಥವಾಗುತ್ತದೆ.

ಕಾಫಿಗೂ ಜಾಗ ಕೊಡಿ. ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ಬೀಜ ತಂದದ್ದೂ ಯೆಮೆನ್‌ನಿಂದಲೇ ಅಂತ ನಾವು ಕೇಳಿ ಬೆಳೆದಿದ್ದೇವೆ, ಅಲ್ವಾ? ಇಸ್ತಾಂಬುಲ್‌ಗೆ ಅದೇ ಯೆಮೆನ್ ಕಾಫಿ 16ನೇ ಶತಮಾನದಲ್ಲಿ ಬಂದಿತ್ತು. ಅವರು ಸೋಸುವುದಿಲ್ಲ. ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿಯನ್ನು ಉದ್ದ ಹಿಡಿಯ ಪುಟ್ಟ ಪಾತ್ರೆ ಜೆಜ್ವೆಯಲ್ಲಿ ನೀರಿನ ಜೊತೆಗೇ ಕಾಯಿಸಿ, ನೊರೆ ಬಂದಾಗ ಬಗ್ಗಿಸುತ್ತಾರೆ. ಸಕ್ಕರೆಯನ್ನು ಕಾಯಿಸುವಾಗಲೇ ಹಾಕುವುದರಿಂದ ಮೊದಲೇ ಹೇಳಬೇಕು: ಸಕ್ಕರೆ ಬೇಡದಿದ್ದರೆ ಸಾದೆ, ಮಧ್ಯಮ ಬೇಕಿದ್ದರೆ ಓರ್ತಾ. ಜೊತೆಗೆ ಬರುವ ನೀರನ್ನು ಮೊದಲು ಕುಡಿಯಿರಿ. ತಳದ ಗಷ್ಟು ಹಾಗೇ ಬಿಡಿ. ಕಪ್ಪನ್ನು ಬೋರಲು ಹಾಕಿ ಗಷ್ಟಿನ ಗುರುತು ನೋಡಿ ಭವಿಷ್ಯ ಹೇಳುವ ಅಜ್ಜಿಯರು ಸಿಕ್ಕರೆ ಅದೃಷ್ಟ. ಈ ಕಾಫಿ ಸಂಸ್ಕೃತಿ 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ.

ಕಾರ್ಪೆಟ್ ಅಂಗಡಿಯ ಚಹಾಕ್ಕೆ ಹೆದರಬೇಡಿ. ಚಹಾ ಕುಡಿದರೆ ಕೊಳ್ಳಲೇಬೇಕು ಅಂತಿಲ್ಲ. "ನೋಡಲಷ್ಟೇ ಬಂದೆ" ಅಂತ ಮೊದಲೇ ಹೇಳಿ, ಎರಡು ಗಂಟು ಹಾಕಿ ನೇಯ್ಯುವುದನ್ನು ತೋರಿಸಿ ಅನ್ನಿ. ಖುಷಿಯಿಂದ ತೋರಿಸುತ್ತಾರೆ.

ಹೆಜ್ಜೆ 7: ಸಸ್ಯಾಹಾರಿಗಳ ಊಟ

ಟರ್ಕಿ ಅಂದರೆ ಕಬಾಬ್ ಅಂತ ಹೆದರುವವರು ನಮ್ಮಲ್ಲಿ ಜಾಸ್ತಿ. ಆಲಿವ್ ಎಣ್ಣೆಯಲ್ಲಿ ತರಕಾರಿ ಬೇಯಿಸಿ ತಣ್ಣಗೆ ಬಡಿಸುವ ದೊಡ್ಡ ಅಡುಗೆ ಸಂಪ್ರದಾಯವೇ ಅಲ್ಲಿದೆ. ಅದನ್ನು ಜೈತಿನ್ಯಾಲಿ ಅನ್ನುತ್ತಾರೆ. ಹುರುಳಿಕಾಯಿ ಪಲ್ಯ, ಈರುಳ್ಳಿ ಟೊಮೆಟೊ ತುಂಬಿದ ಬದನೆಯ ಇಮಾಮ್ ಬಾಯಿಲ್ದಿ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಸಾರ್ಮಾ ಎಲ್ಲ ಅದರಲ್ಲಿ ಬರುತ್ತವೆ. ಸಾರ್ಮಾದಲ್ಲಿ ಕೈಮಾ ಹಾಕುವುದೂ ಇದೆ, ಕೇಳಿಯೇ ತಿನ್ನಿ. ಹಳ್ಳಿ ಹೆಂಗಸರು ತೆಳ್ಳಗೆ ಲಟ್ಟಿಸಿ ಕಾವಲಿ ಮೇಲೆ ಸುಡುವ ಗೋಜ್ಲೆಮೆಯ ಒಳಗೆ ಪಾಲಕ್, ಚೀಸ್ ಅಥವಾ ಆಲೂಗಡ್ಡೆ ಇರುತ್ತದೆ. ಚಿಗ್ ಕೋಫ್ತೆ ಹಿಂದೆ ಹಸಿ ಮಾಂಸದ್ದು. ಈಗ ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚು, ಮೆಣಸಿನಕಾಯಿಯದು. ಖಾರ ಬೇಕೆನ್ನುವವರಿಗೆ ಅದೇ ಗತಿ.

ಮಧ್ಯಾಹ್ನದ ಊಟಕ್ಕೆ ಎಸ್ನಾಫ್ ಲೋಕಾಂತಾಸಿ ಹುಡುಕಿ. ಅಂಗಡಿ ಕೆಲಸದವರು ಉಣ್ಣುವ ಹೋಟೆಲುಗಳಿವು. ಗಾಜಿನ ಹಿಂದೆ ಪಾತ್ರೆಗಳು ಸಾಲಾಗಿರುತ್ತವೆ, ಬೆರಳು ತೋರಿಸಿದರೆ ಸಾಕು. "ಎತ್ ಯೆಮಿಯೊರುಮ್" ಅಂದರೆ ಮಾಂಸ ತಿನ್ನುವುದಿಲ್ಲ. ಅದು ಸಾಲದು. ಕೆಲವರ ಲೆಕ್ಕದಲ್ಲಿ ಕೋಳಿ, ಮೀನು ಮಾಂಸವಲ್ಲ, ಹಾಗಾಗಿ "ತಾವುಕ್, ಬಾಲಿಕ್ ದಾ ಯೊಕ್" ಅಂತ ಸೇರಿಸಿ. ಬೇಳೆ ಸೂಪು, ಪಿಲಾಫ್ ಎರಡರಲ್ಲೂ ಮಾಂಸ ಬೇಯಿಸಿದ ನೀರು ಇರಬಹುದು. "ಎತ್ ಸುಯು ವಾರ್ ಮೀ?" ಅಂತ ಕೇಳಿ.

ಆಗ ಉತ್ತರ ಬಾಯಲ್ಲಿ ಬರಬೇಕೆಂದಿಲ್ಲ. ಹುಬ್ಬು ಮೇಲೆತ್ತಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಹಾಕಿ, ನಾಲಿಗೆಯಲ್ಲಿ "ಚ್" ಅಂದರೆ ಇಲ್ಲ ಅಂತ. ನಮ್ಮವರು ಇದನ್ನು ಅಸಡ್ಡೆ ಅಂತ ತಿಳಿದು ಬೇಸರ ಮಾಡಿಕೊಳ್ಳುತ್ತಾರೆ. ಅದು ಬರೀ "ಇಲ್ಲ", ಅಷ್ಟೇ. ನಾವು ಹೂಂ ಅನ್ನಲು ತಲೆ ಅಲ್ಲಾಡಿಸುವ ರೀತಿ ಅವರಿಗೆ ಅರ್ಥವಾಗುವುದಿಲ್ಲ, ಅದಕ್ಕೆ ಬಾಯಿಬಿಟ್ಟು "ಎವೆತ್" ಅನ್ನಿ.

ಬೆಳಗಿನ ತಿಂಡಿಯನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಆಲಿವ್, ಮೂರ್ನಾಲ್ಕು ಥರ ಚೀಸ್, ಸೌತೆಕಾಯಿ, ಟೊಮೆಟೊ, ಜೇನು, ಕೆನೆಯಂಥ ಕಾಯ್ಮಾಕ್, ಜಾಮುಗಳು, ಬಿಸಿ ಬ್ರೆಡ್ಡು, ಮೇಲೆ ಎಷ್ಟು ಬೇಕಾದರೂ ಚಹಾ. ಭಾನುವಾರ ಮನೆಮಂದಿ ಎರಡು ಗಂಟೆ ಕೂತು ತಿನ್ನುತ್ತಾರೆ. ನೀವೂ ಒಂದು ಭಾನುವಾರ ಹಾಗೇ ಕೂರಿ. ಸಿಹಿಗೆ ಬಕ್ಲಾವಾ. ಪಿಸ್ತಾ ತುಂಬಿದ ಗಾಜಿಆಂತೆಪ್ ಊರಿನದು ಹೆಸರುವಾಸಿ. 2013ರಲ್ಲಿ ಯುರೋಪ್ ಒಕ್ಕೂಟ ಆ ಹೆಸರಿಗೆ ರಕ್ಷಣೆ ಕೊಟ್ಟಿದೆ.

ಹೆಜ್ಜೆ 8: ಹಮಾಮಿಗೆ ನಾಚಿಕೆ ಬಿಟ್ಟು ಹೋಗಿ

ಹಮಾಮ್ ಅಂದರೆ ನಮ್ಮ ದೀಪಾವಳಿಯ ಎಣ್ಣೆಸ್ನಾನದ ಹಾಗೆ, ಮೈ ಒಪ್ಪಿಸಿ ಕೂರಬೇಕು. ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಭಾಗ ಅಥವಾ ಬೇರೆ ಹೊತ್ತು ಇರುತ್ತದೆ, ಮೊದಲೇ ವಿಚಾರಿಸಿ. ಸಿನಾನ್ ಕಾಲದ, 1584ರ ಚೆಂಬರ್ಲಿತಾಶ್ ದೊಡ್ಡ ಬಜಾರಿನ ಹತ್ತಿರವೇ ಇದೆ. ಹೆಸರಾದ ಹಮಾಮುಗಳು ದುಬಾರಿ. ಬೀದಿಯ ಚಿಕ್ಕ ಹಮಾಮುಗಳಲ್ಲಿ ಖರ್ಚೂ ಕಡಿಮೆ, ಊರಿನವರೂ ಸಿಗುತ್ತಾರೆ.

ಒಳಗೆ ಪೆಶ್ತೆಮಾಲ್ ಅನ್ನುವ ಚೌಕಳಿ ಬಟ್ಟೆ ಕೊಡುತ್ತಾರೆ, ಸುತ್ತಿಕೊಳ್ಳಿ. ಬಿಸಿ ಕೋಣೆಯ ನಡುವೆ ಕೆಳಗಿನಿಂದ ಕಾಯಿಸಿದ ದೊಡ್ಡ ಅಮೃತಶಿಲೆಯ ಜಗಲಿ ಇರುತ್ತದೆ. ಅದರ ಮೇಲೆ ಕಾಲು ಗಂಟೆ ಮಲಗಿ ಬೆವರಬೇಕು. ಮೇಲಿನ ಗುಮ್ಮಟದ ಗಾಜುಗಣ್ಣುಗಳಿಂದ ಬೆಳಕು ಕೋಲುಕೋಲಾಗಿ ಹಬೆಯೊಳಗೆ ಇಳಿಯುತ್ತಿರುತ್ತದೆ. ಆಮೇಲೆ ಒರಟು ಕೈಗವಸು ಹಾಕಿಕೊಂಡು ತಿಕ್ಕುತ್ತಾರೆ. ಕೊಳೆ ಬತ್ತಿಬತ್ತಿಯಾಗಿ ಬರುವುದನ್ನು ನೋಡಿ ಮುಜುಗರ ಬೇಡ, ಎಲ್ಲರಿಗೂ ಬರುತ್ತದೆ. ನೋವಾದರೆ "ಯಾವಾಶ್" ಅನ್ನಿ, ಮೆತ್ತಗಾಗುತ್ತಾರೆ. ಕೊನೆಗೆ ಬಟ್ಟೆಯ ಚೀಲವನ್ನು ಸಾಬೂನಿನ ನೀರಲ್ಲಿ ಅದ್ದಿ, ಗಾಳಿ ತುಂಬಿಸಿ ಹಿಂಡಿದರೆ ಮೈ ಪೂರ್ತಿ ನೊರೆಯಲ್ಲಿ ಮುಚ್ಚಿಹೋಗುತ್ತದೆ. ತಿಕ್ಕಿದವರ ಕೈಗೆ ಟಿಪ್ಸ್ ಕೊಡುವುದು ವಾಡಿಕೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಹೋಗಬೇಡಿ.

ಹೆಜ್ಜೆ 9: ಅನತೋಲಿಯಾ ಕಡೆ ಹೊರಡಿ

ಅನತೋಲಿಯಾ ಅಂದರೆ ಟರ್ಕಿಯ ಏಷ್ಯಾ ಭಾಗ. ಒಂದು ಸಲವಾದರೂ ದೂರದ ಬಸ್ಸು ಹತ್ತಿ. ನಡುವೆ ಹುಡುಗನೊಬ್ಬ ಚಹಾ, ಕೇಕು ಹಂಚಿಕೊಂಡು ಬರುತ್ತಾನೆ. ಹಳೆಯ ಪದ್ಧತಿ ಉಳಿಸಿಕೊಂಡ ಬಸ್ಸುಗಳಲ್ಲಿ ಅಂಗೈಗೆ ನಿಂಬೆ ಪರಿಮಳದ ಕೊಲೊನ್ಯಾ ಸುರಿಯುತ್ತಾರೆ. ಎರಡೂ ಕೈ ಉಜ್ಜಿ ಮುಖಕ್ಕೆ ಹಚ್ಚಿಕೊಳ್ಳಿ. ಒಂಟಿ ಹೆಂಗಸರ ಪಕ್ಕ ಹೆಂಗಸರನ್ನೇ ಕೂರಿಸುತ್ತಾರೆ. ಊರೊಳಗೆ ದೊಲ್ಮುಶ್ ಅನ್ನುವ ಮಿನಿಬಸ್ಸು. ಹಿಂದೆ ಕೂತವರ ದುಡ್ಡು ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ.

ಕಪಡೋಕಿಯಾದಲ್ಲಿ ಗೋರೆಮೆಯಲ್ಲಿ ಉಳಿಯಿರಿ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು, ಮಳೆಗಾಳಿಗೆ ಸವೆದು ಅಣಬೆಗಳಾಗಿ ನಿಂತಿದೆ. ಜನ ಅದನ್ನು ಕೊರೆದು ಮನೆ, ಚರ್ಚು ಮಾಡಿಕೊಂಡರು. ದೆರಿನ್ಕುಯುವಿನಲ್ಲಿ ನೆಲದಡಿಯ ಊರೇ ಇದೆ, ಆಳ ಸುಮಾರು 85 ಮೀಟರ್. ಓಣಿಗೆ ಅಡ್ಡ ಉರುಳಿಸುತ್ತಿದ್ದ ಗಾಲಿಯಂಥ ಕಲ್ಲಿನ ಬಾಗಿಲುಗಳು ಈಗಲೂ ಇವೆ. ಇಕ್ಕಟ್ಟು ಜಾಗಕ್ಕೆ ಹೆದರುವವರು ಇಳಿಯಬೇಡಿ. ಬಲೂನನ್ನು ಮೊದಲ ಬೆಳಿಗ್ಗೆಗೇ ಬುಕ್ ಮಾಡಿ. ಗಾಳಿ ಸರಿಯಿಲ್ಲದಿದ್ದರೆ ಅಧಿಕಾರಿಗಳು ಹಾರಲು ಬಿಡುವುದಿಲ್ಲ, ಆಗ ಮುಂದಿನ ದಿನವಾದರೂ ಕೈಯಲ್ಲಿರುತ್ತದೆ. ಹಾರದಿದ್ದರೂ ಸೂರ್ಯ ಹುಟ್ಟುವ ಮೊದಲು ಗುಡ್ಡ ಹತ್ತಿ ನಿಂತರೆ ನೋಟ ಪುಕ್ಕಟೆ. ಮಧ್ಯಾಹ್ನ ಆವಾನೊಸ್‌ಗೆ ಹೋಗಿ. ಕಿಝಿಲಿರ್ಮಾಕ್ ನದಿಯ ಕೆಂಪು ಮಣ್ಣಿನಲ್ಲಿ ಮಡಕೆ ಮಾಡುವ ಕುಂಬಾರರು ನಿಮ್ಮನ್ನೂ ಚಕ್ರದ ಮುಂದೆ ಕೂರಿಸುತ್ತಾರೆ.

ಕೋನ್ಯಾ ಸೂಫಿ ಕವಿ ಮೌಲಾನಾ ರೂಮಿಯ ಊರು. ಅವರು ತೀರಿಕೊಂಡದ್ದು 1273ರ ಡಿಸೆಂಬರ್ 17ರಂದು. ಪ್ರತಿ ವರ್ಷ ಡಿಸೆಂಬರಿನಲ್ಲಿ ಅದರ ನೆನಪಿಗೆ ದಿನಗಟ್ಟಲೆ ಸೆಮಾ ನಡೆಯುತ್ತದೆ. ದರ್ವೇಶಿಗಳು ಅನ್ನುವ ಸೂಫಿಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಾ ಮಾಡುವ ಪ್ರಾರ್ಥನೆ ಅದು. ಉಳಿದ ಕಾಲದಲ್ಲಿ ಸಾಮಾನ್ಯವಾಗಿ ಶನಿವಾರ ಸಂಜೆ ನೋಡಬಹುದು. ಗಣರಾಜ್ಯ 1925ರಲ್ಲಿ ದರ್ವೇಶಿ ಮಠಗಳನ್ನು ಮುಚ್ಚಿಸಿತ್ತು. ಆದರೂ ಪದ್ಧತಿ ಸಾಯಲಿಲ್ಲ. ಊಟದ ಹೋಟೆಲಿನ ಮೂಲೆಯಲ್ಲಿ ಪ್ರವಾಸಿಗರಿಗಾಗಿ ತಿರುಗಿಸುವ ಆಟಕ್ಕೆ ದುಡ್ಡು ಹಾಕಬೇಡಿ, ಇದು ಪ್ರಾರ್ಥನೆ. ಉದ್ದನೆಯ ಟೋಪಿ ಸಮಾಧಿಯ ಕಲ್ಲು, ಬಿಳಿ ಲಂಗ ಕಫನು, ತೆಗೆದಿಡುವ ಕಪ್ಪು ನಿಲುವಂಗಿ ಗೋರಿ. ಬಲ ಅಂಗೈ ಮೇಲಕ್ಕೆ, ಎಡ ಅಂಗೈ ನೆಲಕ್ಕೆ. ಮೇಲಿನಿಂದ ಪಡೆದದ್ದನ್ನು ತಾನು ಇಟ್ಟುಕೊಳ್ಳದೆ ಕೆಳಗೆ ಹಂಚುವ ಭಾವ ಅದು. ಚಪ್ಪಾಳೆ ತಟ್ಟಬೇಡಿ.

ಎಫೆಸಸ್‌ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸೆಲ್ಸಸ್ ಗ್ರಂಥಾಲಯದ ಮುಂದೆ ಹತ್ತು ಗಂಟೆ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ.

ಹೆಜ್ಜೆ 10: ಎಚ್ಚರ ಮತ್ತು ಮರ್ಯಾದೆ

ಮನೆಗೆ ಕರೆದರೆ ಚಪ್ಪಲಿ ಬಾಗಿಲಲ್ಲೇ ಬಿಡಿ, ಒಳಗೆ ಹಾಕಿಕೊಳ್ಳಲು ಅವರೇ ಸ್ಲಿಪ್ಪರ್ ಕೊಡುತ್ತಾರೆ. ಕೈಯಲ್ಲಿ ಸಿಹಿ ಇರಲಿ. ಉಂಡ ಮೇಲೆ ಅಡುಗೆ ಮಾಡಿದವರಿಗೆ "ಎಲಿನಿಜೆ ಸಾಲಿಕ್" (ನಿಮ್ಮ ಕೈಗೆ ಆರೋಗ್ಯವಿರಲಿ) ಅನ್ನಿ, ಕೆಲಸದಲ್ಲಿರುವ ಯಾರನ್ನು ಕಂಡರೂ "ಕೊಲಾಯ್ ಗೆಲ್ಸಿನ್" (ಕೆಲಸ ಸುಲಭವಾಗಲಿ) ಅನ್ನಿ. ಈ ಎರಡಕ್ಕೆ ಅವರ ಮುಖ ಅರಳುತ್ತದೆ. ಅತಾತುರ್ಕ್ ಬಗ್ಗೆ ಹಗುರ ಮಾತು ಬೇಡ. ಅದು ಜನರಿಗೆ ನೋವು, ಕಾನೂನಿನಲ್ಲೂ ಅಪರಾಧ.

ಮೋಸಗಾರರು ಎಲ್ಲ ದೊಡ್ಡ ಊರಲ್ಲಿ ಇದ್ದ ಹಾಗೆ ಇಲ್ಲೂ ಇದ್ದಾರೆ. ಬೂಟ್ ಪಾಲಿಶ್‌ನವನು ನಿಮ್ಮ ಮುಂದೆ ಬ್ರಷ್ ಬೀಳಿಸಿ ಹೋದರೆ ಎತ್ತಿಕೊಡುವ ಮೊದಲು ಯೋಚಿಸಿ. ಕೊಟ್ಟರೆ ಉಪಕಾರ ಅಂತ ಪಾಲಿಶ್ ಮಾಡಿ ದುಡ್ಡು ಕೇಳುತ್ತಾನೆ. ಇಸ್ತಾಂಬುಲಿನ ತಾಕ್ಸಿಮ್ ಕಡೆ ರಾತ್ರಿ ಪರಿಚಯ ಮಾಡಿಕೊಂಡು ಬಾರಿಗೆ ಕರೆಯುವವರ ಜೊತೆ ಹೋಗಬೇಡಿ, ಬಿಲ್ಲು ನೋಡಿದರೆ ಜೀವ ಬಾಯಿಗೆ ಬರುತ್ತದೆ. ಟ್ಯಾಕ್ಸಿಯನ್ನು ಆ್ಯಪಿನಲ್ಲಿ ಕರೆಯಿರಿ, ಇಲ್ಲವೇ ಮೀಟರ್ ಹಾಕಿಸಿ.

ಬಜಾರಿನಲ್ಲಿ ಚೌಕಾಸಿ ಮಾಡಬಹುದು, ನಗುನಗುತ್ತಾ ಮಾಡಿ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಇಳಿಸುತ್ತಾ ಹೋಗಬೇಡಿ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದರೆ ತೆಗೆದುಕೊಳ್ಳಲೇಬೇಕು, ಅಲ್ಲಿನ ಮರ್ಯಾದೆ ಅದು. ತಿಂಡಿ, ಔಷಧಿ, ದಿನಸಿ ಅಂಗಡಿಯಲ್ಲಿ ಚೌಕಾಸಿ ಇಲ್ಲ. ಲೋಕುಮ್ ಅನ್ನುವ ಮೆತ್ತನೆಯ ಸಿಹಿ, ಬಕ್ಲಾವಾ ಇವನ್ನು ಗಾಳಿ ತೆಗೆದ ಪ್ಯಾಕಿನಲ್ಲಿ ಕೇಳಿ ಪಡೆಯಿರಿ. ಕಾರ್ಪೆಟ್ ಕೊಂಡರೆ ರಸೀದಿ ಬ್ಯಾಗಿನಲ್ಲೇ ಇರಲಿ. ಹಳೇ ನಾಣ್ಯ, ಶಿಲ್ಪದ ಚೂರು ಅಂತ ಯಾರಾದರೂ ಪಿಸುಗುಟ್ಟಿ ಮಾರಲು ಬಂದರೆ ಮುಟ್ಟಲೂ ಬೇಡಿ. ಪ್ರಾಚೀನ ವಸ್ತುಗಳನ್ನು ದೇಶದ ಹೊರಗೆ ಸಾಗಿಸುವುದಕ್ಕೆ ಅಲ್ಲಿ ಜೈಲು ಶಿಕ್ಷೆ ಇದೆ. ಎಫೆಸಸ್‌ನಲ್ಲಿ ಕಾಲ ಕೆಳಗೆ ಸಿಕ್ಕ ಚೆಂದದ ಕಲ್ಲನ್ನೂ ಅಲ್ಲೇ ಬಿಟ್ಟು ಬನ್ನಿ.